ಒಂದು ತೂತು ಹಿಂದಕ್ಕೆ

ಏಮೊಸ್ ಟಾಟರ್ಸಾಲ್ ಒಬ್ಬ ಹುಡುಗನನ್ನು ಕೊಂದಿದ್ದಾನೆ ಎಂದು ನಮ್ಮ ನೆಲ್ಸನ್ ಊರಿನಲ್ಲಿ ಗಟ್ಟಿಯಾಗಿ ನಂಬಿದ್ದವನು ಒಬ್ಬನೇ. ಅವನು ಏಮೊಸ್. ಉಳಿದವರಿಗೆ ಆ ವಿಷಯ ಮರೆತೇಹೋಗಿತ್ತು. ಆ ಹುಡುಗ ಸತ್ತ ಮಹಾಯುದ್ಧದಲ್ಲೇ ಲಕ್ಷಗಟ್ಟಲೆ ಹುಡುಗರನ್ನು ಸಾಯಲು ಕಳಿಸಿದವರು ಎದೆಗೆ ಪದಕ ಸಿಕ್ಕಿಸಿಕೊಂಡು, ಹೊಟ್ಟೆ ತುಂಬ ಉಂಡು, ಮೆತ್ತನೆಯ ಹಾಸಿಗೆಯಲ್ಲಿ ಸತ್ತರು. ಈ ಮನುಷ್ಯ ಹದಿನಾಲ್ಕು ವರ್ಷ ಒಂದೇ ಒಂದು ಸಾವನ್ನು ಹೆಗಲ ಮೇಲೆ ಹೊತ್ತುಕೊಂಡು ಮಗ್ಗಗಳ ನಡುವೆ ಓಡಾಡಿದ. ಆ ಸಾವು ಅವನ ಕೈಯಿಂದ ಆದದ್ದೋ ಅಲ್ಲವೋ ಎಂಬುದಷ್ಟೇ ಅವನಿಗೆ ಬೇಕಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ. ನಾನು ಅವನನ್ನು ಮದುವೆಯಾಗಬೇಕಾಗಿತ್ತು, ಆಗಲಿಲ್ಲ. ಆಮೇಲೆ ವಿಲ್ಫ್ ಎಂಬ ಒಳ್ಳೆಯವನನ್ನು ಮದುವೆಯಾದೆ, ಇಬ್ಬರು ಮಕ್ಕಳಾದರು, ಬದುಕು ನಡೆಯಿತು. ಇದನ್ನು ಮುಚ್ಚಿಟ್ಟುಕೊಂಡು ಏಮೊಸನ ಬಗ್ಗೆ ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಯುದ್ಧಕ್ಕೆ ಮುಂಚೆ ನಾನು ಗಿರಣಿಯಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದೆ. ಅವನು ಆ ಸಾಲಿನ ಮೇಸ್ತ್ರಿ. ಮಗ್ಗ ಕೆಟ್ಟರೆ ಸ್ಪ್ಯಾನರ್ ಹಿಡಿದು ಬಂದು ಸರಿ ಮಾಡುವುದು ಅವನ ಕೆಲಸ. ನೇಯುವ ಹೆಂಗಸರು ಮೇಸ್ತ್ರಿಗಳನ್ನು ಗೋಳು ಹುಯ್ದುಕೊಳ್ಳುವುದು ನಮ್ಮ ಕಡೆ ಹುಟ್ಟುಗುಣ.

“ಮೇಸ್ತ್ರೀನ ಹಂದಿ ತಗೊಂಬಾ ಅಂತ ಸಂತೆಗೆ ಕಳ್ಸಿದ್ರಂತೆ. ಹಂದಿಗೂಡಿನ ಬಾಗಿಲು ಅಳತೆ ತಗೊಂಡು ಹೋದ್ನಂತೆ. ಅಳತೆಗೆ ಸರಿಯಾದ ಹಂದಿ ಸಿಗ್ಲಿಲ್ಲ ಅಂತ ಇನ್ನೊಂದು ಬಾಗ್ಲು ಕೊಂಡ್ಕೊಂಡು ಬಂದ್ನಂತೆ!” ಎಂದು ನಾನು ಅವನಿಗೆ ಕೇಳುವ ಹಾಗೇ ಹೇಳುತ್ತಿದ್ದೆ.

ಹೇಳುವುದು ಅಂದರೆ ಬಾಯಿ ಆಡಿಸುವುದು. ಸಾವಿರ ಮಗ್ಗ ಒಟ್ಟಿಗೆ ಬಡಿಯುವ ಕಡೆ ಗಂಟಲಿಗೆ ಕೆಲಸವಿಲ್ಲ. ದನಿ ಇಲ್ಲದೆ ತುಟಿಗಳನ್ನು ದೊಡ್ಡದಾಗಿ ಅಲುಗಿಸಿ ಮಾತಾಡುತ್ತೇವೆ, ಮೂವತ್ತು ಅಡಿ ದೂರದಲ್ಲಿದ್ದವಳು ತುಟಿ ನೋಡಿ ಓದಿಕೊಳ್ಳುತ್ತಾಳೆ. ಏಮೊಸನೂ ಓದಿಕೊಳ್ಳುತ್ತಿದ್ದ. ಮುಖ ಕೆಂಪಗಾಗುತ್ತಿತ್ತು, ಆದರೆ ಕೈ ನಿಲ್ಲುತ್ತಿರಲಿಲ್ಲ. ಹಾಸಿನ ಎಳೆಗಳು ಅರ್ಧ ಮೇಲಕ್ಕೆ ಅರ್ಧ ಕೆಳಕ್ಕೆ ಸರಿದು ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರಬೇಕು, ನಿಮಿಷಕ್ಕೆ ಇನ್ನೂರು ಸಲ. ಕೂದಲೆಳೆಯಷ್ಟು ತಡವಾದರೂ ಬಾಯಿ ಮುಚ್ಚಿ ಲಾಳಿ ಸಿಕ್ಕಿಕೊಂಡು ನೂರಾರು ಎಳೆ ಕಿತ್ತುಹೋಗುತ್ತವೆ. ಏಮೊಸ್ ಮುಟ್ಟಿದ ಮಗ್ಗ ಮತ್ತೆ ಎಳೆ ಕೀಳುತ್ತಿರಲಿಲ್ಲ. ನಾನು ಅವನಿಗೆ ಮನಸ್ಸು ಕೊಟ್ಟದ್ದು ಅವನ ಮುಖ ನೋಡಿ ಅಲ್ಲ, ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಕೈ ನೋಡಿ.

ಸಾವಿರದ ಒಂಬೈನೂರ ಹದಿನಾರನೇ ಇಸವಿಯಲ್ಲಿ ಗಂಡಸರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯುವ ಕಾನೂನು ಬಂತು. ನಮ್ಮೂರಿನಲ್ಲಿ ಎಷ್ಟೋ ಜನ ಹೋಗುವುದಿಲ್ಲ ಎಂದು ಜೈಲಿಗೆ ನಡೆದರು. ನಾನು ಆಗಲೇ ಯುದ್ಧ ಬೇಡ ಎಂದು ಚೌಕದಲ್ಲಿ ನಿಂತು ಕೂಗಿ, ಕೊಳೆತ ಮೊಟ್ಟೆಯ ಏಟು ತಿಂದವಳು.

“ನೀನೂ ಜೈಲಿಗೆ ಹೋಗು. ಬುತ್ತಿ ತಂದ್ಕೊಡ್ತೀನಿ,” ಅಂದೆ.

“ನಿನ್ನ ಹಾಗೆ ಮಾತಾಡಕ್ಕೆ ನಂಗೆ ಬರಲ್ಲ ಎಲೆನ್. ಜಡ್ಜು ಯಾಕೆ ಹೋಗಲ್ಲ ಅಂತ ಕೇಳಿದ್ರೆ ನಿಂತ್ಕೊಂಡು ತೊದಲ್ತೀನಿ,” ಅಂದ.

ಹೋದ. ಸೈನ್ಯದಲ್ಲಿ ಅವನ ಕೈ ನೋಡಿ ಯಾರೋ ವಿಮಾನದ ದಳಕ್ಕೆ ಹಾಕಿದರು. ಅದೇ ದಳಕ್ಕೆ ಸ್ವಲ್ಪ ದಿನದ ಮೇಲೆ ನಮ್ಮ ಬೀದಿಯ ಜೇಬೆಜ್ ಹೋಲ್ಟ್ ಕೂಡ ಬಂದ. ಜೇಬೆಜ್ ನೇಕಾರ, ಕುಳ್ಳ, ಬಾಯಿ ತುಂಬ ತಮಾಷೆ. ಒಮ್ಮೆ ಮೆಟ್ಟಿಲಿಂದ ಬಿದ್ದು ಮುರಿದ ಎಡಭುಜ ಸರಿಯಾಗಿ ಕೂಡಿರಲಿಲ್ಲ. ಏಮೊಸನಿಗೆ ಬಂದೂಕಿನ ಕೆಲಸ, ಜೇಬೆಜ್‌ಗೆ ಇಂಜಿನ್ನಿನ ಕೆಲಸ. ಫ್ರಾನ್ಸಿನ ಒಂದು ಬೀಟ್‌ರೂಟ್ ಹೊಲದ ಪಕ್ಕದಲ್ಲಿ ಇಬ್ಬರೂ ಒಂದೇ ಡೇರೆಯಲ್ಲಿ ಮಲಗುತ್ತಿದ್ದರು.

ಹದಿನೇಳರ ವಸಂತದಲ್ಲಿ ರಜೆಗೆ ಬಂದ ಏಮೊಸ್ ನಮ್ಮಮ್ಮನ ಅಡುಗೆಮನೆಯಲ್ಲಿ ಕೂತು ತನ್ನ ಕೆಲಸ ವಿವರಿಸಿದ್ದ. ವಿಮಾನದ ಮೂತಿಯ ಮೇಲೆ, ಹಾರಿಸುವವನ ಮುಖದೆದುರಿಗೇ ಮಷಿನ್ ಗನ್. ಅದರ ಮುಂದೆ ಗಿರ್ರನೆ ತಿರುಗುವ ಮರದ ಪ್ರೊಪೆಲ್ಲರ್. ಗುಂಡು ಆ ಪ್ರೊಪೆಲ್ಲರಿನ ಎರಡು ಅಲಗುಗಳ ಸಂದಿಯಲ್ಲೇ ತೂರಿ ಹೋಗಬೇಕು.

“ಅಲಗು ಅಡ್ಡ ಬಂದಾಗ ಗನ್ನನ್ನ ತಡಿಯುತ್ತೆ, ಅಷ್ಟೇ ತಾನೇ?” ಅಂದೆ.

“ಎಲ್ರೂ ಹಂಗೇ ಅನ್ಕೊಂಡಿದಾರೆ. ತಡಿಯೋದಲ್ಲ ಕಣೇ. ಇಂಜಿನ್ನೇ ಹೊಡಿಯೋದು.” ಅಮ್ಮನ ಬ್ರೆಡ್ ಚಾಕುವನ್ನು ಪ್ರೊಪೆಲ್ಲರ್ ಮಾಡಿಕೊಂಡು ಮೇಜಿನ ಮೇಲೆ ತಿರುಗಿಸಿದ. “ಇಂಜಿನ್ನಿಗೆ ಒಂದು ಉಬ್ಬಿರೋ ಚಕ್ರ ಕೂಡ್ಸಿರ್ತಾರೆ. ಅಲಗು ದಾಟಿದ ತಕ್ಷಣ ಆ ಉಬ್ಬು ಬಂದು ಒಂದು ಕೊಳವೆಲಿರೋ ಎಣ್ಣೇನ ಗುದ್ದುತ್ತೆ. ಎಣ್ಣೆ ಆ ಕಡೆ ತುದೀಲಿ ಗನ್ನನ್ನ ಗುದ್ದುತ್ತೆ. ಒಂದು ಗುದ್ದಿಗೆ ಒಂದು ಗುಂಡು. ಹುಡುಗ ಮೇಲೆ ಕೂತು ಹಿಡಿ ಒತ್ತೋದು ಬರೀ ಅಪ್ಪಣೆ ಕೊಟ್ಟಂಗೆ. ಹೊಡಿಯೋದು ಇಂಜಿನ್ನು.”

“ಅಂದ್ರೆ ಮಗ್ಗ.”

“ಮಗ್ಗಾನೇ. ಬಾಯಿ ತೆಗ್ದಾಗ ಲಾಳಿ. ಆದ್ರೆ ಇಲ್ಲಿ ಲಾಳಿ ಸಿಕ್ಕಾಕ್ಕೊಂಡ್ರೆ ಎಳೆ ಕಿತ್ತೋಗಲ್ಲ.”

ಜನರನ್ನು ಕೊಲ್ಲುವ ಯಂತ್ರದ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡುತ್ತೀಯಲ್ಲ ಎಂದು ಬೈದೆ. ಅವನು ಚಾಕುವನ್ನು ಒರೆಸಿ ಜಾಗಕ್ಕೆ ಇಟ್ಟ.

ಅವನು ನೋಡಿಕೊಳ್ಳುತ್ತಿದ್ದ ವಿಮಾನವನ್ನು ಹಾರಿಸುತ್ತಿದ್ದವನು ಲಾರೆನ್ಸ್ ಸಗ್ಡೆನ್. ಹತ್ತೊಂಬತ್ತು ವರ್ಷ. ಗುಡ್ಡದ ಆಚೆ ಯಾರ್ಕ್‌ಶೈರಿನ ಕೀಲಿ ಊರಿನವನು; ಅವರಿಗೂ ನಮ್ಮ ಲ್ಯಾಂಕಶೈರಿನವರಿಗೂ ಒಬ್ಬರನ್ನೊಬ್ಬರು ಹಂಗಿಸುವ ಹಳೇ ಚಾಳಿ. ಅಪ್ಪ ಇಲ್ಲ, ಅಮ್ಮನದು ಗುಂಡಿ, ದಾರ, ರಿಬ್ಬನ್ ಮಾರುವ ಅಂಗಡಿ. ಅವನು ಆಫೀಸರ್ ಆದರೂ ಆಫೀಸರರ ಜೊತೆ ಕೂರುವುದಕ್ಕಿಂತ ಏಮೊಸನ ಪಕ್ಕ ಪೆಟ್ಟಿಗೆ ಮೇಲೆ ಕೂತು ಗನ್ನಿನ ತೋಟಾ ಆರಿಸುವುದೇ ಹೆಚ್ಚು. ತೋಟಾಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕಿತ್ತು. ತಳದಲ್ಲಿ ತಗ್ಗಿದ್ದರೆ, ಕಿಲುಬು ಇದ್ದರೆ ಬಿಸಾಕಬೇಕು. ಸೋಮಾರಿ ತೋಟಾ ಒಂದು ಚಿಟಿಕೆ ತಡವಾಗಿ ಸಿಡಿದರೂ ಅಷ್ಟರಲ್ಲಿ ಮುಂದಿನ ಅಲಗು ಬಂದುಬಿಟ್ಟಿರುತ್ತದೆ.

“ಇದು ಲ್ಯಾಂಕಶೈರ್ ತೋಟಾ, ಬಿಸಾಕಿ. ಏಳೋಕೆ ಮಧ್ಯಾಹ್ನ ಆಗುತ್ತೆ,” ಅನ್ನುತ್ತಿದ್ದನಂತೆ ಸಗ್ಡೆನ್.

“ಹಂಗಾದ್ರೆ ಇದು ಯಾರ್ಕ್‌ಶೈರಿಂದು ಸರ್. ನೋಡಿ, ಹೊಟ್ಟೆಯೊಳಗೆ ಮದ್ದಿದ್ರೂ ಹೊರಗೆ ಬಿಡಲ್ಲ,” ಅನ್ನುತ್ತಿದ್ದನಂತೆ ಏಮೊಸ್.

ಹುಡುಗನ ಅಮ್ಮ ಕಳಿಸುತ್ತಿದ್ದ ಶುಂಠಿ ಕೇಕಿನಲ್ಲಿ ಅರ್ಧ ಏಮೊಸನಿಗೆ. ಅಷ್ಟು ಸಲಿಗೆ.

ಆ ವರ್ಷ ಜುಲೈ ತಿಂಗಳ ಒಂದು ಬುಧವಾರ ಏಮೊಸ್ ಆ ವಿಮಾನದ ಗನ್ನನ್ನು ಕ್ರಮಪ್ರಕಾರ ಪರೀಕ್ಷೆ ಮಾಡಿದ. ಪ್ರೊಪೆಲ್ಲರಿನ ಮುಂದೆ ಅದರ ಜೊತೆಗೇ ತಿರುಗುವ ಹಾಗೆ ಒಂದು ತೆಳು ಪ್ಲೈವುಡ್ ತಟ್ಟೆ ಕಟ್ಟಿ, ನಿಧಾನಕ್ಕೆ, ಮಧ್ಯಮಕ್ಕೆ, ಪೂರ್ತಿ ವೇಗಕ್ಕೆ ಇಂಜಿನ್ ಓಡಿಸಿ ಗುಂಡು ಹಾರಿಸುವುದು. ಆಮೇಲೆ ತಟ್ಟೆ ಬಿಚ್ಚಿ ನೋಡಿದರೆ ಗುಂಡಿನ ತೂತುಗಳು ಎಲ್ಲಿ ಬಿದ್ದಿವೆ ಎಂದು ತಿಳಿಯುತ್ತದೆ. ತೂತುಗಳೆಲ್ಲ ಅಲಗಿನ ಹಿಂದೆ, ಸುರಕ್ಷಿತ ಜಾಗದಲ್ಲೇ ಬಿದ್ದಿದ್ದವು. ಭಾನುವಾರ ಬೆಳಿಗ್ಗೆ ಹುಡುಗ ಹೊರಡುವ ಮುಂಚೆ ಏಮೊಸ್ ನಿಧಾನ ವೇಗದಲ್ಲಿ ಎರಡು ಗುಂಡು ಹಾರಿಸಿ ನೋಡಿದ. ಸರಿ ಇತ್ತು. ಕಾಗದಕ್ಕೆ ಸಹಿ ಹಾಕಿದ.

ಶತ್ರುಗಳ ಕಡೆಗೆ ದಾಟುವ ಮುಂಚೆ ಪ್ರತಿಯೊಬ್ಬನೂ ಬೀಟ್‌ರೂಟ್ ಹೊಲದಲ್ಲಿ ಹಾಸಿದ್ದ ಬಿಳಿ ಬಟ್ಟೆಯ ಮೇಲೆರಗಿ ಒಂದಷ್ಟು ಗುಂಡು ಹೊಡೆದು ಹೋಗುವುದು ಆ ದಳದ ಪದ್ಧತಿ. ಸಗ್ಡೆನ್ ಎರಗಿದ. ಇಂಜಿನ್ ಪೂರ್ತಿ ವೇಗದಲ್ಲಿ ಅರಚುತ್ತಿತ್ತು. ಗನ್ ಬಡಿಯಿತು, ಮಗ್ಗದ ಹಾಗೇ ಬಡಿಯಿತಂತೆ, ಆಮೇಲೆ ಕಟ್ಟಿಗೆ ಮುರಿದ ಸದ್ದು. ಒಂದು ಅಲಗು ಅರ್ಧಕ್ಕೆ ತುಂಡಾಗಿ ಹಾರಿತು. ಉಳಿದ ಒಂಟಿ ಅಲಗು ತಿರುಗುವ ಭರಕ್ಕೆ ಇಂಜಿನ್ನು ತನ್ನನ್ನೇ ಕಿತ್ತುಕೊಂಡಿತು. ಏಮೊಸ್ ಇದನ್ನೆಲ್ಲ ನಿಂತು ನೋಡಿದ. ಓಡಿದ. ಬೆಂಕಿ ಅವನಿಗಿಂತ ಮೊದಲು ತಲುಪಿತ್ತು.

ವಿಚಾರಣೆ ಅರ್ಧ ಗಂಟೆ ನಡೆಯಿತು. ಇಂಜಿನ್ನು ನೆಲದೊಳಗೆ ನಾಲ್ಕು ಅಡಿ ಹೂತು ಸುಟ್ಟು ಕರಕಲಾಗಿತ್ತು, ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಗುಂಡು ಅಲಗಿಗೆ ಬಡಿದಿದೆ, ಗನ್ನು ಸರಿ ಇದೆ ಎಂದು ಸಹಿ ಹಾಕಿದವನು ಟಾಟರ್ಸಾಲ್. ಇಂಜಿನ್ ಕಡೆಯಿಂದ ಹೇಳುವುದಿದೆಯಾ ಎಂದು ಜೇಬೆಜ್‌ನನ್ನು ಕೇಳಿದರು. ಏನೂ ಇಲ್ಲ ಸರ್ ಅಂದ. ಏಮೊಸನ ತೋಳಿನ ಪಟ್ಟಿ ಕಿತ್ತು, ಸಾಮಾನು ಹೊರುವ ಕೆಲಸಕ್ಕೆ ಹಾಕಿದರು. ಅದು ಅವನಿಗೆ ಶಿಕ್ಷೆ ಅನ್ನಿಸಲೇ ಇಲ್ಲ. ಎಣ್ಣೆಯ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದಿತ್ತೇ? ಕೆಟ್ಟ ತೋಟಾ ಒಂದು ಬೆರಳಿನಿಂದ ತಪ್ಪಿಸಿಕೊಂಡಿತೇ? ಉಬ್ಬಿನ ಚಕ್ರದ ಮೊಳೆ ಸಡಿಲಾಗಿತ್ತೇ? ಇವನ್ನೇ ಎಣಿಸುತ್ತ ಯುದ್ಧ ಮುಗಿಸಿ ಊರಿಗೆ ಬಂದ.

ಬಂದವನು ಮೊದಲು ಹೋದದ್ದು ನಮ್ಮ ಮನೆಗಲ್ಲ, ಕೀಲಿಗೆ. ಹುಡುಗನ ಅಮ್ಮನ ಅಂಗಡಿಗೆ ಹೋಗಿ, “ಅಮ್ಮಾ, ನಿಮ್ಮ ಮಗ ಶತ್ರು ಗುಂಡಿಗೆ ಸತ್ತಿದ್ದಲ್ಲ. ಅವನ ಗನ್ ನೋಡ್ಕೋತಿದ್ದವ್ನು ನಾನು,” ಎಂದು ಹೇಳಿದ. ಆಕೆಗೆ ಅಲ್ಲಿಯವರೆಗೆ ಬಂದಿದ್ದದ್ದು ವೀರಮರಣದ ಕಾಗದ ಮಾತ್ರ. ಆಕೆ ಕೌಂಟರಿನ ಆಚೆಯಿಂದ ಬಂದು ಇವನ ಕೆನ್ನೆಗೆ ಬಾರಿಸಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಕಾಲುವೆ ದಂಡೆಯ ಮೇಲೆ ನನಗೆ ಇಷ್ಟನ್ನೂ ಹೇಳಿದ.

“ಮದುವೆ ಬೇಡ ಎಲೆನ್.”

“ಯಾಕೆ, ಫ್ರಾನ್ಸಲ್ಲಿ ಯಾವಳಾದ್ರೂ ಸಿಕ್ಕಿದ್ಲಾ?” ನಗಿಸೋಣ ಎಂದುಕೊಂಡು ಅಂದದ್ದು.

“ಆ ಅಮ್ಮಂಗೆ ಇದ್ದಿದ್ದು ಒಬ್ನೇ ಮಗ. ಅವನ್ನ ತೆಗೆದವ್ನು ನಾನು. ನಾನು ಹೆಂಗೆ ಮನೇಲಿ ತೊಟ್ಲು ಕಟ್ಲಿ, ಹೇಳು.”

“ನೀನೇ ತೆಗ್ದೆ ಅಂತ ಏನು ಗ್ಯಾರಂಟಿ? ಆ ಆಫೀಸರ್ ಮುಂಡೇಮಕ್ಳು ಹೇಳಿದ್ದಾ?”

“ಅಲ್ಲ ಅಂತ ಗ್ಯಾರಂಟಿ ಕೊಡು. ಈಗ್ಲೇ ಚರ್ಚಿಗೆ ಬರ್ತೀನಿ.”

ಎಲ್ಲಿಂದ ಕೊಡಲಿ? ನನಗೆ ಮಗ್ಗ ಗೊತ್ತು, ವಿಮಾನ ಗೊತ್ತಿರಲಿಲ್ಲ. ಎರಡು ವರ್ಷ ಕಾದೆ. ಆಮೇಲೆ ಕಾಯಲಿಲ್ಲ.

ಅವನು ಮತ್ತೆ ಗಿರಣಿಗೆ ಮೇಸ್ತ್ರಿಯಾಗಿ ಬಂದ. ಈಗ ಒಂದು ಮಗ್ಗ ಸರಿ ಮಾಡಿದರೆ ಮೂರು ಸಲ ಪರೀಕ್ಷೆ ಮಾಡದೆ ಬಿಡುವುದಿಲ್ಲ. ನಮಗೆ ನೇಯ್ದಷ್ಟಕ್ಕೇ ಕೂಲಿ, ಮಗ್ಗ ನಿಂತರೆ ಹೊಟ್ಟೆಗೆ ಕಲ್ಲು. ಹೆಂಗಸರು ಅವನಿಗೆ ಮುಮ್ಮಡಿ ಏಮೊಸ್ ಎಂದು ಹೆಸರಿಟ್ಟರು.

“ಏನ್ ಮೇಸ್ತ್ರೀ, ಮಗ್ಗಾನ ಸರಿ ಮಾಡ್ತಿದೀಯೋ, ಮದುವೆ ಆಗ್ತಿದೀಯೋ?” ಎಂದು ನನ್ನ ಪಕ್ಕದ ಸಾಲಿನ ಹುಡುಗಿಯೊಬ್ಬಳು ತುಟಿಯಾಡಿಸಿದಳು. ಅವಳಿಗೆ ಹಳೆಯದೇನೂ ಗೊತ್ತಿರಲಿಲ್ಲ. ಅವನು ಓದಿಕೊಂಡ. ನಾನೂ ಓದಿಕೊಂಡೆ. ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಅವನ ಜೊತೆ ಬಿಡದೆ ಇದ್ದವನು ಜೇಬೆಜ್ ಹೋಲ್ಟ್ ಒಬ್ಬನೇ. ಪ್ರತಿ ಭಾನುವಾರ ಮಧ್ಯಾಹ್ನ ಹೆಂಡತಿ ಮಾಡಿದ ಆಲೂಗಡ್ಡೆ ಪೈ ಬಟ್ಟೆಯಲ್ಲಿ ಸುತ್ತಿಕೊಂಡು ಏಮೊಸನ ಮನೆಗೆ ಹೋಗುತ್ತಿದ್ದ. ಏಮೊಸನ ಅಂಗಿಗಳನ್ನು ಜೇಬೆಜ್‌ನ ಹೆಂಡತಿಯೇ ಒಗೆಯುತ್ತಿದ್ದಳು. ಏಮೊಸ್ ಹಳೆಯದನ್ನು ತೆಗೆದು ಗುಳ್ಳೆ, ತೋಟಾ, ಮೊಳೆ ಎಂದು ಶುರು ಮಾಡಿದರೆ ಜೇಬೆಜ್ ಮಾತ್ರ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ. “ಬಿಡೋ ಮಾರಾಯ, ಬಿಡೋ ಅತ್ಲಾಗೆ,” ಅನ್ನುತ್ತಿದ್ದ. ಸ್ನೇಹ ಅಂದರೆ ಇದು ಎಂದು ಊರು ಮಾತಾಡುತ್ತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸ್ನೇಹ ಅಲ್ಲ ಎಂದು ಈಗಲೂ ಹೇಳುವುದಕ್ಕೆ ನನ್ನಿಂದಾಗುವುದಿಲ್ಲ, ಅದೇ ಸಿಟ್ಟು ಬರುವ ವಿಷಯ.

ಮೂವತ್ತೊಂದರ ಜನವರಿಯಲ್ಲಿ ಗಿರಣಿ ಮಾಲೀಕರು ಒಬ್ಬೊಬ್ಬರು ನಾಲ್ಕರ ಬದಲು ಎಂಟು ಮಗ್ಗ ನೋಡಬೇಕು ಅಂದರು. ನಾವು ಆಗುವುದಿಲ್ಲ ಅಂದೆವು. ಬಾಗಿಲಿಗೆ ಬೀಗ ಜಡಿದರು. ಊರಿನ ಮಗ್ಗಗಳೆಲ್ಲ ನಿಂತವು. ನಾನು ಸಂಘದ ಕಮಿಟಿಯಲ್ಲಿದ್ದೆ, ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಸೂಪಿನ ಪಾತ್ರೆ ಹಿಡಿದು ಕಾಯಿಲೆ ಬಿದ್ದವರ ಮನೆಗಳಿಗೆ. ಜೇಬೆಜ್‌ಗೆ ಗಂಟಲಲ್ಲಿ ಗೆಡ್ಡೆ ಬೆಳೆದು ದನಿ ಪೂರ್ತಿ ಹೋಗಿತ್ತು. ಡಾಕ್ಟರು ಚಳಿಗಾಲ ದಾಟಿದರೆ ಹೆಚ್ಚು ಅಂದಿದ್ದರು. ಅವನು ಮಲಗಿದಲ್ಲಿಂದ ನಮ್ಮ ಗಿರಣಿಯ ಮಾತನ್ನೇ ಆಡುತ್ತಿದ್ದ, ಬರೀ ತುಟಿಯಲ್ಲಿ.

ಒಂದು ಮಧ್ಯಾಹ್ನ ಚಮಚ ಹಿಡಿದು ಕೂತಿದ್ದೆ. ಹೆಂಡತಿ ಅಂಗಡಿಗೆ ಹೋಗಿದ್ದಳು. ಅವನು ಬಾಯಿ ಆಡಿಸಿದ: “ನೀನು ಏಮೊಸ್‌ನ ಮದ್ವೆ ಆಗ್ಬೇಕಿತ್ತು.”

“ಈಗ್ಯಾಕೆ ಆ ಪುರಾಣ? ಸೂಪು ಕುಡಿ.”

“ನಾನು ಕೆಡ್ಸಿದ್ದು.”

ಜ್ವರ ತಲೆಗೇರಿದೆ ಅಂದುಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದು, ತುಟಿ ತಪ್ಪಿಸಿಕೊಳ್ಳದ ಹಾಗೆ ಮುಖವನ್ನು ನನ್ನ ಕಡೆಗೇ ಇಟ್ಟುಕೊಂಡು ನಿಧಾನಕ್ಕೆ ಹೇಳಿದ.

ಆ ಶುಕ್ರವಾರ, ಅಂದರೆ ಏಮೊಸ್ ತಟ್ಟೆ ಕಟ್ಟಿ ಪರೀಕ್ಷೆ ಮಾಡಿದ ಎರಡು ದಿನದ ಮೇಲೆ, ಕಲ್ಲು ಸಿಡಿದು ಪ್ರೊಪೆಲ್ಲರಿನ ತುದಿ ಒಡೆದಿತ್ತು. ಜೇಬೆಜ್ ಹೊಸದನ್ನು ಹಾಕಿದ. ಪ್ರೊಪೆಲ್ಲರನ್ನು ಎಂಟು ಬೋಲ್ಟುಗಳಲ್ಲಿ ಬಿಗಿಯುತ್ತಾರೆ. ಇಂಜಿನ್ ಶುರು ಮಾಡಬೇಕಾದರೆ ಮೆಕ್ಯಾನಿಕ್ಕು ಮುಂದೆ ನಿಂತು ಅಲಗು ಹಿಡಿದು ಕೈಯಿಂದ ಜೋರಾಗಿ ತಿರುಗಿಸಬೇಕು. ಆ ಇಂಜಿನ್ನು ಬಿಗಿ ಹಿಡಿದು ಜೋರು ಎಳೆತ ಬೇಕಾಗುವ ಹೊತ್ತಿಗೆ ಅಲಗು ತೀರಾ ಮೇಲಿರುತ್ತಿತ್ತು. ಕುಳ್ಳ ಮನುಷ್ಯ, ಕೆಟ್ಟ ಭುಜ, ತುದಿಗಾಲಲ್ಲಿ ನಿಂತು ಎಳೆಯಬೇಕು. ಪಕ್ಕದ ದಳದಲ್ಲಿ ಹಾಗೆ ಎಳೆಯಲು ಹೋದವನೊಬ್ಬ ಮುಂಗೈ ಕಳೆದುಕೊಂಡಿದ್ದ. ಜೇಬೆಜ್ ಪ್ರೊಪೆಲ್ಲರನ್ನು ಒಂದು ತೂತು ಸರಿಸಿ ಕೂಡಿಸಿದ. ಈಗ ಅಲಗು ಎದೆಮಟ್ಟಕ್ಕೆ ಬಂತು. ಅವನು ಕೆಲಸ ಕಲಿತ ತರಬೇತಿ ದಳದಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ಅಲ್ಲಿನ ವಿಮಾನಗಳಿಗೆ ಮೂತಿಯ ಮೇಲೆ ಗನ್ ಇರಲಿಲ್ಲ.

ಪ್ರೊಪೆಲ್ಲರ್ ಬಿಚ್ಚಿದರೆ ಬಂದೂಕಿನವನಿಗೆ ಹೇಳಬೇಕು. ಹೇಳಿರಲಿಲ್ಲ. ಊಟಕ್ಕೆ ಹೊತ್ತಾಗಿತ್ತು.

“ಭಾನುವಾರ ಅವ್ನು ಬಿದ್ದಾಗ್ಲೇ ಹೊಳೀತು. ವಿಚಾರಣೇಲಿ ಹೆದರ್ಕೊಂಡೆ. ಆಮೇಲೆ ಊರಿಗೆ ಹೋದ್ಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಮುಂದಿನ ಭಾನುವಾರ ಹೇಳೋಣ ಅಂದ್ಕೊಂಡೆ.”

“ಹದಿನಾಲ್ಕು ವರ್ಷದ ಭಾನುವಾರ, ಜೇಬೆಜ್!” ನಾನು ದನಿ ಎತ್ತಿಯೇ ಅಂದೆ. “ಅವನ ಮೇಜಿನ ಮೇಲೆ ಪೈ ಇಟ್ಕೊಂಡು ಕೂತು, ಬಿಡೋ ಅತ್ಲಾಗೆ ಅಂತಿದ್ಯಲ್ಲ, ನಾಚ್ಕೆ ಇಲ್ದವ್ನೇ. ನಾಳೆ ಅವನ್ನ ಕರ್ಕೊಂಬರ್ತೀನಿ. ನೀನು ಹೇಳ್ತೀಯ. ಇಲ್ದಿದ್ರೆ ನಾನು ಹೇಳ್ತೀನಿ.”

ಸಾಯುತ್ತಿರುವವನಿಗೆ ಹಾಗೆ ಅನ್ನಬಾರದಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಅನ್ನಬೇಕಿತ್ತು.

ಮಾರನೆಯ ದಿನ ಏಮೊಸ್ ಟೋಪಿ ಕೈಯಲ್ಲಿ ಹಿಡಿದು ಮಂಚದ ಪಕ್ಕ ಕೂತ. ಜೇಬೆಜ್‌ನ ತುಟಿ ಆಡಿತು. ಏಮೊಸ್ ಮಗ್ಗವನ್ನು ಪರೀಕ್ಷಿಸುವ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದ. ಮುಗಿಯಿತು. ಏಮೊಸ್ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ.

“ಒಂದು ತೂತಾ, ಎರಡಾ?” ಅಂದ ಏಮೊಸ್.

ಜೇಬೆಜ್ ಒಂದು ಬೆರಳು ತೋರಿಸಿದ.

“ಮುಂದಕ್ಕೋ, ಹಿಂದಕ್ಕೋ?”

“ಹಿಂದಕ್ಕೆ,” ಎಂದು ತುಟಿ.

ಏಮೊಸ್ ತಲೆಯೊಳಗೆ ಏನೋ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ನನಗೆ ಅರ್ಥವಾಗಲೇಬೇಕು ಎನ್ನುವ ಹಾಗೆ ಹೇಳಿದ: “ಹಿಂದಕ್ಕೆ ಅಂದ್ರೆ ಅಲಗು ತಡವಾಗಿ ಬರುತ್ತೆ. ಇಂಜಿನ್ ನಿಧಾನಕ್ಕೆ ಓಡೋವಾಗ ಗುಂಡು ಅದರ ಮುಂದೇನೇ ದಾಟ್ಕೊಂಡು ಹೋಗ್ಬಿಡುತ್ತೆ. ನಾನು ಬೆಳಿಗ್ಗೆ ಹಾರ್ಸಿದ್ದು ಹಂಗೇ ದಾಟಿದೆ. ಜೋರಾಗಿ ಓಡಿದ್ರೆ ಗುಂಡು ಗನ್ನಿನ ಬಾಯಿ ಬಿಟ್ಟು ಹೊರಗೆ ಬರೋಷ್ಟ್ರಲ್ಲಿ ಅಲಗೇ ಬಂದು ಎದುರಿಗೆ ನಿಂತಿರುತ್ತೆ.” ಒಂದು ಸಲ ಉಸಿರೆಳೆದುಕೊಂಡ. “ಗುಳ್ಳೆ ಇರ್ಲಿಲ್ಲ ಎಲೆನ್. ಗುಳ್ಳೆ ಇರ್ಲೇ ಇಲ್ಲ.”

ಎದ್ದು ಟೋಪಿ ಹಾಕಿಕೊಂಡು ಹೋದ. ಜೇಬೆಜ್ ಇನ್ನು ಹತ್ತೊಂಬತ್ತು ದಿನ ಬದುಕಿದ್ದ. ಮೂರು ಭಾನುವಾರ ಬಂದು ಹೋದವು. ಬಾಗಿಲ ಸದ್ದಾದಾಗೆಲ್ಲ ಏಮೊಸನಾ ಎಂದು ತುಟಿಯಾಡಿಸುತ್ತಿದ್ದ. ಏಮೊಸ್ ಬರಲಿಲ್ಲ. ಮಣ್ಣಿಗೂ ಬರಲಿಲ್ಲ. ನಾನು ಹೋಗಿ ಕೇಳಿದೆ.

“ಬೈಯಕ್ಕಾದ್ರೂ ಒಂದ್ಸಲ ಹೋಗ್ಬೇಕಿತ್ತಲ್ಲೋ.”

“ಬೈಯಕ್ಕೆ ಬಾಯಿ ಬರ್ತಿರ್ಲಿಲ್ಲ. ಅವನ್ನ ನೋಡಿದ್ರೆ ಎಂದಿನಂಗೆ ಕೂತ್ಕೊಂಡ್ಬಿಡ್ತಿದ್ದೆ. ಅದಕ್ಕೇ ಹೋಗ್ಲಿಲ್ಲ.” ಆಮೇಲೆ, “ಭಾನುವಾರ ಬಂದ್ರೆ ಏನ್ ಮಾಡ್ಬೇಕೋ ತಿಳೀತಿಲ್ಲ,” ಅಂದ.

ಮಾಲೀಕರು ಬೀಗ ತೆಗೆದರು, ನಾವು ನಾಲ್ಕು ಮಗ್ಗ ಉಳಿಸಿಕೊಂಡೇ ಒಳಗೆ ಹೋದೆವು. ಊರು ಕುಣಿಯಿತು. ಏಮೊಸ್ ಆಗಲೂ ಮೂರು ಸಲ ಪರೀಕ್ಷೆ ಮಾಡುತ್ತಿದ್ದ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಅವನು ಪ್ರತಿ ಜುಲೈನಲ್ಲಿ ಕೀಲಿಗೆ ಹೋಗುವುದು ಊರಿಗೆಲ್ಲ ಗೊತ್ತಿತ್ತು, ಯಾಕೆ ಎಂಬುದು ಮರೆತಿತ್ತು. ಮೊದಲ ವರ್ಷ ಹೊಡೆಸಿಕೊಂಡು ಬಂದವನು ಮಾರನೆಯ ವರ್ಷ ಮತ್ತೆ ಹೋಗಿದ್ದ. ಆಕೆ ಬಾಗಿಲು ತೆಗೆಯಲಿಲ್ಲ. ಮೂರನೇ ವರ್ಷ ಹಿತ್ತಲಿಗೆ ಕಲ್ಲಿದ್ದಲು ಹೊತ್ತು ಹಾಕು ಅಂದಳು. ಅಲ್ಲಿಂದ ವರ್ಷಕ್ಕೊಂದು ದಿನ, ಮಗ ಸತ್ತ ದಿನ, ಅವನು ಆಕೆಯ ಮನೆಗೆಲಸ ಮಾಡಿಕೊಟ್ಟು ಬರುತ್ತಿದ್ದ. ಆ ವರ್ಷ ನಾನೂ ಅವನ ಜೊತೆ ರೈಲು ಹತ್ತಿದೆ.

“ನೀನು ಹೇಳದಿದ್ರೆ ನಾನು ಹೇಳ್ತೀನಿ,” ಅಂದೆ.

“ಎಲ್ಲಾರ್ಗೂ ಅದನ್ನೇ ಹೇಳ್ತೀಯ.”

“ಹೇಳ್ಬೇಕಾದ್ದೇ. ಆ ಹೆಂಗಸಿಗೆ ನಿಜ ಗೊತ್ತಾಗ್ಬೇಕಾ ಬೇಡ್ವಾ? ನಿನ್ನ ಕೈ ಶುದ್ಧ ಅಂತ ಒಬ್ರಿಗಾದ್ರೂ ಗೊತ್ತಾಗ್ಬೇಡ್ವಾ?”

“ನಿಂಗೆ ಗೊತ್ತಾಯ್ತಲ್ಲ.”

“ಹನ್ನೆರಡು ವರ್ಷ ತಡವಾಗಿ!” ಅಂದುಬಿಟ್ಟೆ. ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಕಿಟಕಿಯ ಕಡೆ ಮುಖ ಮಾಡಿದ. ಸ್ಕಿಪ್ಟನ್ ನಿಲ್ದಾಣ ಬರುವವರೆಗೂ ಅವನ ಕೊರಳು ಮಾತ್ರ ಕಾಣುತ್ತಿತ್ತು. ಕೂದಲೆಲ್ಲ ಬೆಳ್ಳಗಾಗಿತ್ತು.

ಅಂಗಡಿಯ ಬಾಗಿಲು ತಳ್ಳಿದಾಗ ಗಂಟೆ ಬಡಿಯಿತು. ಸಗ್ಡೆನ್‌ನ ಅಮ್ಮ ಒಂದು ಹಿಡಿ ಆಗಿಹೋಗಿದ್ದಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

“ಬಂದ್ಯಾ, ನನ್ನ ಮಗನ್ನ ತಿಂದವ್ನೇ? ಲೇಟು ಈ ಸಲ. ಟೀ ಆರೋಯ್ತು.”

“ರೈಲು ಲೇಟಾಯ್ತಮ್ಮ.”

“ಲ್ಯಾಂಕಶೈರಿನವ್ರಿಗೆ ರೈಲೂ ಲೇಟು. ಜೊತೇಲಿ ಯಾರು?”

“ನಮ್ಮೂರೋಳು. ಗೆಳತಿ.”

“ಪರ್ವಾಗಿಲ್ವೇ, ಗೆಳತಿನೂ ಇದಾಳೆ. ಕೂತ್ಕೊಳಮ್ಮ.” ಆಕೆ ನನಗೂ ಒಂದು ಬಟ್ಟಲು ಇಟ್ಟಳು. ಏಮೊಸ್ ಕೋಟು ಬಿಚ್ಚಿ ತೂಗುಹಾಕಿ ಹಿತ್ತಲಿಗೆ ಹೋದ. ಬಕೀಟಿನ ಸದ್ದು, ಕಲ್ಲಿದ್ದಲು ಸುರಿಯುವ ಸದ್ದು. ಮುದುಕಿ ಆ ಸದ್ದು ಕೇಳುತ್ತ ನನಗೆ ಹೇಳಿದಳು: “ಪಾದ್ರಿ ಬರೋದು ಬಿಟ್ಟ. ತಂಗಿ ಸತ್ಲು. ಲಾರೆನ್ಸ್ ಹೆಸರು ಎತ್ತಿದ್ರೆ ಅಕ್ಕಪಕ್ಕದೋರು ಗಡಿಯಾರ ನೋಡ್ತಾರೆ. ಇವ್ನು ಮಾತ್ರ ಬರ್ತಾನೆ. ಬರ್ಲೇಬೇಕಲ್ಲ, ಮಾಡಿದ್ದುಣ್ಣೋ ಮಹರಾಯ. ಇವನ್ನ ಬೈದ ದಿನ ನಂಗೆ ಚೆನ್ನಾಗಿ ನಿದ್ದೆ ಬರುತ್ತೆ.”

ನನ್ನ ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು. ಜೇಬೆಜ್ ಹೋಲ್ಟ್ ಎಂಬ ಹೆಸರು ನಾಲಿಗೆಯ ತುದಿಯಲ್ಲಿತ್ತು. ಮಾಲೀಕರ ಮುಂದೆ, ಲಾಠಿ ಹಿಡಿದ ಪೊಲೀಸರ ಮುಂದೆ ಒಂದು ದಿನವೂ ನುಂಗಿಕೊಂಡವಳಲ್ಲ ನಾನು. ಏಮೊಸ್ ಕೈ ತೊಳೆದುಕೊಂಡು ಒಳಗೆ ಬಂದ, ನನ್ನ ಮುಖ ನೋಡಿ ತಲೆಯನ್ನು ಒಂದೇ ಒಂದು ಸಲ ಅಡ್ಡಕ್ಕೆ ಆಡಿಸಿದ.

ಮುದುಕಿ ಅವನ ಕಡೆ ತಿರುಗಿದಳು. ಪ್ರತಿ ವರ್ಷ ಕೇಳುವ ಪ್ರಶ್ನೆ ಅದು ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು.

“ನೀನು ಆವತ್ತು ಸರಿಯಾಗಿ ನೋಡಿದ್ರೆ ನನ್ನ ಮಗ ಬದುಕ್ತಿದ್ನಾ?”

“ಬದುಕ್ತಿದ್ದ ಅಮ್ಮ.”

“ಈಗ ಮೂವತ್ಮೂರು ಆಗಿರ್ತಿತ್ತು.”

“ಹೌದಮ್ಮ. ಮೂವತ್ಮೂರು.”

ಆಕೆ ಸಮಾಧಾನವಾದವಳ ಹಾಗೆ ಅವನ ಬಟ್ಟಲಿಗೆ ಟೀ ಬಗ್ಗಿಸಿದಳು, ಶುಂಠಿ ಕೇಕು ಕೊಯ್ದು ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಅವನು ತಿಂದ. ನಾನೂ ತಿಂದೆ. ಮೂರು ಗಂಟೆಯ ರೈಲಿಗೆ ಹೊರಟೆವು.

ಅವನು ಮಾಡಿದ್ದು ತಪ್ಪು ಎಂದು ನಾನು ಅವತ್ತೂ ಅಂದೆ, ಇವತ್ತೂ ಅನ್ನುತ್ತೇನೆ. ನಮ್ಮೂರಿನ ರೈಲು ಹಿಡಿಯಲು ಕೋಲ್ನ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಅಲ್ಲಿ ಅವನು ನನ್ನ ಚೀಲವನ್ನು ಮೇಲಿನ ಹಲಗೆಯಿಂದ ಇಳಿಸಿ ಕೊಟ್ಟು, “ವಿಲ್ಫ್ ಕಾಯ್ತಿರ್ತಾನೆ, ನಡಿ,” ಅಂದ.